ಪದಚರ್ಚೆ: ಹಳೆಯ ರೇಸ್ ಸೈಕಲ್ಲಿನ ‘ಮೂಲ ಬಣ್ಣ’ಕ್ಕೆ ಏನನ್ನೋಣ?

ಗೆಳೆಯರೇ,

ಹಳೆಯ ಟ್ರ್ಯಾಕ್ ರೇಸ್ ಸೈಕಲ್ಲುಗಳನ್ನು ಮತ್ತೆ ಸಜ್ಜುಗೊಳಿಸುವ ಬಗ್ಗೆ, ಅದರಲ್ಲೂ ಅವುಗಳ ಬಣ್ಣ ಪತ್ತೆಹಚ್ಚುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬ್ರೇಕಿಲ್ಲದ, ಒಂದೇ ಗೇರಿನ, ಚಕ್ರ ತಿರುಗಿದಷ್ಟೂ ಪೆಡಲೂ ತಿರುಗುವ, ವೆಲೊಡ್ರೋಮ್ ಎಂಬ ಸೈಕಲ್ ರೇಸಿನ ಅಂಗಣದ ಓರೆ ಹಾದಿಗೆಂದೇ ಮಾಡಿದ ಸೈಕಲ್ಲುಗಳಿವು. ಸೈಕಲ್ಲು ತಯಾರಾದಾಗ ಹೊಡೆದ ಬಣ್ಣ ಎಂಬರ್ಥದ ‘ಮೂಲ ಬಣ್ಣ’ ಎಂಬ ಪದದ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ.

ಶಾಲೆಯ ಚಿತ್ರಕಲೆ ಪಾಠದ ದೆಸೆಯಿಂದ ಮೂಲಬಣ್ಣ ಎಂದರೆ ಕೆಂಪು, ಹಳದಿ, ನೀಲಿ. ‘ಇದರ ಮೂಲ ಬಣ್ಣ ಕಿತ್ತಳೆ’ ಎಂದು ಬರೆದರೆ ಓದುವವರು ಒಂದು ಗಳಿಗೆ ತಡವರಿಸುತ್ತಾರೆ. ‘ನಿಜ ಬಣ್ಣ’ ಎಂದರೆ ಯಾರದೋ ಬಂಡವಾಳ ಬಯಲಾದ ಹಾಗೆ ಕೇಳಿಸುತ್ತದೆ. ‘ಮೊದಲ ಬಣ್ಣ’ ಎಂದರೆ ಪೇಂಟ್ ಕೆಲಸ ಬಲ್ಲವರ ಮನಸ್ಸಿಗೆ ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚೆ ಬಳಿಯುವ ಅಡಿಕೋಟ್ ಬರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕೆಲಸದಲ್ಲೇ ಇದೆ. ಹಲವು ಸಲ ಬಣ್ಣ ಬಳಿದ ಫ್ರೇಮನ್ನು ತಲೆಕೆಳಗು ಮಾಡಿ, ಪೆಡಲಿನ ಅಚ್ಚು ಕೂರುವ ಗೂಡಿನ ಅಡಿಯಲ್ಲಿ, ನಾಣ್ಯದಗಲದ ಜಾಗವನ್ನು ನಯವಾದ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲಗೆ ಉಜ್ಜಬೇಕು. ಉಂಗುರ ಉಂಗುರವಾಗಿ ಬಣ್ಣಗಳು ಕಾಣಿಸಿಕೊಳ್ಳುತ್ತವೆ. ಹೊರಗಿನದು ಇತ್ತೀಚಿನದು, ನಡುವೆ ಬರಿಯ ಉಕ್ಕು. ಅದರ ಪಕ್ಕದ ಬೂದು ಅಥವಾ ಕೆಂಗಂದು ಉಂಗುರ ಸಾಮಾನ್ಯವಾಗಿ ಪ್ರೈಮರ್, ಅದರಾಚೆಗಿನದು ನಾವು ಹುಡುಕುತ್ತಿರುವುದು. ಇನ್ನು ಫ್ರೇಮಿನ ಮುಂದಿನ ಲೋಹದ ಬಿಲ್ಲೆ ಬಿಚ್ಚಿದರೆ, ಅದರಡಿಯಲ್ಲಿ ಬೆಳಕನ್ನೇ ಕಾಣದ ಅದೇ ಕೋಟ್ ಸಿಗಬಹುದು. ಇವೆರಡೂ ಒಂದೇ ದಿನ ಹೊಡೆದ ಬಣ್ಣ, ಆದರೂ ಒಂದರಂತೆ ಇನ್ನೊಂದಿರುವುದಿಲ್ಲ. ಬಿಸಿಲು ಬಣ್ಣವನ್ನು ತಿನ್ನುತ್ತದೆ, ಮೇಲಿನ ವಾರ್ನಿಷ್ ಹಳದಿಗಟ್ಟಿ ಬಿಳಿಯನ್ನು ಕೆನೆಬಣ್ಣಕ್ಕೂ ನೀಲಿಯನ್ನು ಹಸಿರಿನ ಕಡೆಗೂ ತಿರುಗಿಸುತ್ತದೆ. ಇಟಲಿಯ ಬಿಯಾಂಕಿ ಸೈಕಲ್ ಕಂಪನಿಯ ‘ಚೆಲೆಸ್ತೆ’ ಎಂಬ ಹೆಸರಾಂತ ಬಣ್ಣವಂತೂ ದಶಕದಿಂದ ದಶಕಕ್ಕೆ ನೀಲಿಗೂ ಹಸಿರಿಗೂ ನಡುವೆ ವಾಲಾಡಿದೆ. ಅದರ ಮೇಲೆ ವಾರ್ನಿಷ್ ಹಳದಿಗಟ್ಟಿದ್ದರೆ ಯಾವುದು ಹೊಡೆದದ್ದು, ಯಾವುದು ಆದದ್ದು ಎಂದು ಬಿಡಿಸುವುದು ಬಲು ಕಷ್ಟ.

ಫೋಟೋ ನೋಡಿ ಹೇಳೋಣವೆಂದರೆ ಅದನ್ನೂ ನಂಬುವಂತಿಲ್ಲ. ಆರ್ಥೊಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಕಪ್ಪುಬಿಳುಪು ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಹಾಗಾಗಿ ಕೆಂಪು ಫ್ರೇಮು ಕಪ್ಪಾಗಿ, ನೀಲಿ ಫ್ರೇಮು ಬೆಳ್ಳಗೆ ಮೂಡುತ್ತಿತ್ತು. 1972ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಬೆಲ್ಜಿಯಮ್ಮಿನ ಸೈಕಲ್ ಪಟು ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ದಾಖಲೆ ಮಾಡಿದ ಕಿತ್ತಳೆ ಸೈಕಲ್ಲಿಗೆ ಈ ಗೋಳಿಲ್ಲ, ಬಣ್ಣದ ಚಿತ್ರಗಳಿವೆ. 1942ರಲ್ಲಿ ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನಲ್ಲಿ ಇಟಲಿಯ ಸೈಕಲ್ ಪಟು ಫೌಸ್ತೊ ಕೊಪ್ಪಿ ಅದೇ ಒಂದು ಗಂಟೆಯ ದಾಖಲೆ ಮುರಿದಾಗಿನ ಚಿತ್ರಗಳು ಕಪ್ಪುಬಿಳುಪು.

ಹಾಗಾಗಿ ನಮಗೆ ಎರಡು ಪದ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಹೊಡೆದ ದಿನ ಇದ್ದ ಬಣ್ಣಕ್ಕೊಂದು, ಅದೇ ಕೋಟ್ ಇವತ್ತು ತೋರುತ್ತಿರುವ ಬಣ್ಣಕ್ಕೊಂದು. ಮೊದಲನೆಯದಕ್ಕೆ ‘ಕಾರ್ಖಾನೆ ಬಣ್ಣ’ ಎನ್ನಬಹುದಿತ್ತು. ಆದರೆ ಒಳ್ಳೆಯ ಟ್ರ್ಯಾಕ್ ಫ್ರೇಮುಗಳಲ್ಲಿ ಎಷ್ಟೋ ಸಣ್ಣ ಕೈಗೆಲಸದ ಕೊಠಡಿಗಳಲ್ಲಿ ಹುಟ್ಟಿದವು. ಇಟಲಿಯ ಫ್ರೇಮು ತಯಾರಕ ಫಲಿಯೆರೊ ಮಾಸಿ ಅವರ ಕಾರ್ಯಾಗಾರ ಇದ್ದದ್ದೇ ವಿಗೊರೆಲ್ಲಿ ವೆಲೊಡ್ರೋಮಿನ ಕೆಳಗೆ. ಹುಟ್ಟುಗುಣ, ಹುಟ್ಟೂರು ಇರುವಂತೆ ‘ಹುಟ್ಟುಬಣ್ಣ’ ಆಗಬಹುದೇ? ನನಗೆ ಇದು ಹಿಡಿಸಿದೆ.

ಎರಡನೆಯದಕ್ಕೆ ನಾಮಪದ ಸಿಗುತ್ತಿಲ್ಲ, ಕ್ರಿಯಾಪದಗಳು ಬೇಕಾದಷ್ಟಿವೆ. ಕೊಳೆ ಕೂತು ಮಂಕಾದರೆ ಮಾಸಿತು, ಬಿಸಿಲಿಗೆ ತೆಳುವಾದರೆ ಬಿಳಿಚಿತು. ‘ಕಂದಿತು’ ಚೆಂದದ ಮಾತು, ಆದರೆ ‘ಕಂದಿದ ಕೆಂಪು’ ಎಂದ ಕೂಡಲೇ ಕಂದು ಬಣ್ಣ ನೆನಪಾಗುತ್ತದೆ. ಮೂರನ್ನೂ ಒಟ್ಟಿಗೆ ಹಿಡಿಯುವ ‘ಮಾಗಿದ ಬಣ್ಣ’ ಸರಿಯೇ, ಅಥವಾ ಅದು ಹೊಗಳಿಕೆಯಾಯಿತೇ?

ಜೊತೆಗೊಂದು ಸಣ್ಣ ಪ್ರಶ್ನೆ. ಬ್ರಿಟನ್ನಿನ ಫ್ರೇಮುಗಳಲ್ಲಿ ‘ಫ್ಲಾಂಬೊಯಂಟ್’ ಎಂಬ ಬಗೆಯಿದೆ: ಕೆಳಗೆ ಬೆಳ್ಳಿಬಣ್ಣದ ಕೋಟ್, ಮೇಲೆ ಪಾರದರ್ಶಕವಾದ ಕೆಂಪೋ ನೀಲಿಯೋ. ಬೆಳಕು ಮೇಲಿನ ಬಣ್ಣವನ್ನು ಹಾದು ಬೆಳ್ಳಿಗೆ ತಾಗಿ ಮರಳುವುದರಿಂದ ಹೊಳಪು ಆಳದಿಂದ ಬಂದಂತಿರುತ್ತದೆ. ‘ಒಳಹೊಳಪಿನ ಬಣ್ಣ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಕಾರು, ಪೀಠೋಪಕರಣ, ಗೊಂಬೆಗಳಿಗೆ ಬಣ್ಣ ಹೊಡೆಯುವವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದರೆ, ಎಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿ ತಿಳಿಸಿ.