ಹಕ್ಕಿ ಮ್ಯಾಪ್ ಮಾಡಿ ಅನುಭವ ಇರೋರು ಸ್ವಲ್ಪ ಹೇಳಿ

ಪ್ರಶ್ನೆ: ಶಿರಾ ಕಡೆ ಹೈಸ್ಕೂಲ್ ಮೇಷ್ಟ್ರು ನಾನು. ನಮ್ ಸುತ್ತಮುತ್ತ ಯಾವ ಹಕ್ಕಿ ಎಲ್ಲಿದೆ ಅಂತ ಮಕ್ಕಳ ಕೈಲೇ ಮ್ಯಾಪ್ ಮಾಡ್ಸಿ ಗೋಡೆಗೆ ಹಾಕೋಣ ಅಂತ. ಇ-ಬರ್ಡ್‌ನಲ್ಲಿ (ಜನ ತಾವು ಕಂಡ ಹಕ್ಕಿಗಳ ಲಿಸ್ಟ್ ಹಾಕೋ ವೆಬ್‌ಸೈಟು) ಬಣ್ಣದ ಕೊಕ್ಕರೆ ಹುಡುಕಿದ್ರೆ ಕಗ್ಗಲಡು ಊರು ತೋರ್ಸುತ್ತೆ, ನಮ್ಮೂರ ಕೆರೆಗೆ ಚುಕ್ಕೆನೇ ಇಲ್ಲ, ದಿನಾ ಬೆಳಿಗ್ಗೆ ಅಲ್ಲೇ ಮೇಯ್ತಿರ್ತವೆ!

ಕೆರೆಏರಿ: ನಾನು ಇದ್ರಲ್ಲಿ ಚೆನ್ನಾಗಿ ಬೇಸ್ತು ಬಿದ್ದಿದೀನಿ ಸಾರ್. ಎರಡು ವರ್ಷ ಪಿಕಳಾರ ಕಂಡಲ್ಲೆಲ್ಲಾ ಚುಕ್ಕೆ ಇಟ್ಟೆ, ಕೊನೆಗೆ ದೂರ ನಿಂತು ನೋಡಿದ್ರೆ ಅದು ಪಿಕಳಾರದ ಮ್ಯಾಪೇ ಅಲ್ಲ, ನನ್ ಬೈಕ್ ಓಡಾಡಿದ ರೋಡ್ ಮ್ಯಾಪು. ಚುಕ್ಕೆ ಬಿಡಿ, ಚೌಕ ಎಳೀರಿ. ಹೋಗಿ ನೋಡಿ ಸಿಗದೇ ಇದ್ದ ಚೌಕಕ್ಕೆ ಬೂದಿ ಬಣ್ಣ, ಹೋಗೇ ಇಲ್ದಿದ್ದು ಖಾಲಿ. ಇ-ಬರ್ಡ್ ಮ್ಯಾಪಲ್ಲೂ ಹಂಗೇನೆ, ನೇರಳೆ ಗಾಢ ಆದಷ್ಟೂ ಆ ಹಕ್ಕಿ ಜಾಸ್ತಿ ಲಿಸ್ಟಲ್ಲಿ ಬಂದಿದೆ ಅಂತ, ಸಂಖ್ಯೆ ಜಾಸ್ತಿ ಅಂತಲ್ಲ.

ಬೈನಾಕ್ಯುಲರ್ ಭಟ್ರು: ಕೇರಳದೋರು 2015ರಿಂದ 2020ರವರೆಗೆ ಇಡೀ ರಾಜ್ಯದ ಹಕ್ಕಿ ಅಟ್ಲಾಸ್ ಮಾಡಿದ್ದು ಇದೇ ಥರ. ಸುಮಾರು 1.1 ಕಿಲೋಮೀಟರ್ ಚೌಕ, ಯಾವ್ದಕ್ಕೆ ಹೋಗ್ಬೇಕು ಅನ್ನೋದು ಚೀಟಿ ಎತ್ತಿದ ಹಾಗೆ ಮೊದ್ಲೇ ಫಿಕ್ಸು, ಒಂದೊಂದರಲ್ಲೂ 15 ನಿಮಿಷದ 4 ಲಿಸ್ಟು, ಮಳೆಗಾಲಕ್ಕೊಂದು ಸಲ ಒಣಗಾಲಕ್ಕೊಂದು ಸಲ. ಮಕ್ಕಳಿಗೆ 15 ನಿಮಿಷ ಸರಿಯಾಗಿದೆ, ಅದಕ್ಕಿಂತ ಜಾಸ್ತಿ ಆದ್ರೆ ನೇರಳೆ ಮರ ಹತ್ಬಿಡ್ತಾರೆ. ಒಂದೇ ಷರತ್ತು, ಕಾಗೆ ಗುಬ್ಬಿ ಮೈನಾ ಬಿಡದೆ ಕಂಡಿದ್ದೆಲ್ಲಾ ಬರೀಬೇಕು. ಅಪರೂಪದ್ದು ಮಾತ್ರ ಬರೆದ್ರೆ ನಾಳೆ ಮ್ಯಾಪ್ ನೋಡ್ದೋರು ಶಿರಾದಲ್ಲಿ ಕಾಗೆನೇ ಇಲ್ಲ ಅಂದ್ಕೋತಾರೆ.

ಗೂಬೆಕಣ್ಣು: ಒಂದ್ ಮಾತು, ಗೂಬೆ ಗೂಡು ಸಿಕ್ಕಿದ್ರೆ ಗೋಡೆ ಮೇಲೆ ಹಾಕ್ಬೇಡಿ ಪ್ಲೀಸ್. ಮಾಟ ಮಂತ್ರದೋರು, ಫೋಟೋದೋರು ಇಬ್ರೂ ಬರ್ತಾರೆ. ಇ-ಬರ್ಡ್ ಕೂಡ ಅಪಾಯದಲ್ಲಿರೋ ಕೆಲವು ಜಾತಿಗಳಿಗೆ ಸರಿಯಾದ ಜಾಗ ಮುಚ್ಚಿಟ್ಟು 20 ಕಿಲೋಮೀಟರ್ ಚೌಕ ಅಷ್ಟೇ ತೋರ್ಸುತ್ತೆ.

ಮೇಷ್ಟ್ರು: ಥ್ಯಾಂಕ್ಸ್ ಎಲ್ರಿಗೂ. ಡ್ರಾಯಿಂಗ್ ಶೀಟ್ ಮೇಲೆ ಚೌಕ ಎಳೆದಾಯ್ತು, ಈಗ ಹೊಸ ತಲೆನೋವು, ಗೆರೆ ಸರಿಯಾಗಿ ಕೆರೆ ಮಧ್ಯ ಹಾದುಹೋಗಿದೆ. ಕೊಕ್ಕರೆ ಯಾವ್ ಕಡೆಗೆ?

ಕೆರೆಏರಿ: ಏರಿ ಮೇಲೆ ನೀವು ನಿಂತಿರೋ ಚೌಕಕ್ಕಲ್ಲ, ಅದು ಕಾಲಿಟ್ಟಿರೋ ಚೌಕಕ್ಕೆ. ಆ ಕಡೆ ಹಾರಿ ಕೂತ್ರೆ ಎರಡಕ್ಕೂ ಬಣ್ಣ ಹಾಕಿ ಸಾರ್.