ಯುಎಸ್‌ಬಿ ಬಾಕ್ಸಲ್ಲಿ ಮಿರರ್: ಹಿಂದಿರೋ ಸ್ವಿಚ್ ಸಾಕಾ, ವಿಂಡೋಸಲ್ಲೇ ಮಾಡ್ಬೇಕಾ?

ಹೊನ್ನಾವರ ಸ್ಟುಡಿಯೋ: ಮದುವೆ ವಿಡಿಯೋ, ಇಡೀ ರಾತ್ರಿ ಯಕ್ಷಗಾನ ಆಟದ ರೆಕಾರ್ಡಿಂಗ್ ಎಲ್ಲಾ ಸೇರಿ 3 ಟಿಬಿ ಹತ್ರ ಆಯ್ತು. 4 ಹಾರ್ಡ್ ಡಿಸ್ಕ್ ಕೂರೋ ಬಾಕ್ಸ್ ತಗೊಂಡಿದ್ದೇನೆ, ಸದ್ಯ 4 ಟಿಬಿದು ಎರಡು ಹಾಕಿ ಮಿರರ್ ಮಾಡ್ಬೇಕು, ಅಂದ್ರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಇರ್ಬೇಕು. ಬಾಕ್ಸಿನ ಹಿಂದೆ ರೇಡ್ (ಹಲವು ಡಿಸ್ಕ್ ಒಟ್ಟಿಗೆ ಸೇರಿಸಿ ಬಳಸೋ ವಿಧಾನ) ಸ್ವಿಚ್ ಇದೆ, ಅದರಲ್ಲೇ ಮಾಡ್ಲಾ ಇಲ್ಲಾ ವಿಂಡೋಸ್ 11ರಲ್ಲಾ?

ಕಾರವಾರ ನಾಯ್ಕ: ಸ್ವಿಚ್ಚಲ್ಲೇ ಮಾಡಿ ಮಾರಾಯ್ರೆ. ರೇಡ್ 1ಕ್ಕೆ (ಅದೇ ಮಿರರ್) ಇಟ್ಟು ಪಿನ್ನಲ್ಲಿ ರೀಸೆಟ್ ಒತ್ತಿ ಹಿಡಿದ್ರೆ ಆಯ್ತು, ಕಂಪ್ಯೂಟರಿಗೆ ಒಂದೇ ಡಿಸ್ಕ್ ಕಾಣ್ತದೆ, ಯಾವ ಲ್ಯಾಪ್‌ಟಾಪಿಗೆ ಹಾಕಿದ್ರೂ ನಡೀತದೆ. ಡಿಸ್ಕ್ ಖಾಲಿ ಇದ್ದಾಗ್ಲೇ ಮಾಡಿ, ಆಮೇಲೆ ಮೋಡ್ ಬದಲಿಸಿದ್ರೆ ಒಳಗಿದ್ದದ್ದೆಲ್ಲ ಹೋಗ್ತದೆ.

ಶಿರಸಿ ಹೆಗಡೆ: ನಾಯ್ಕರೆ, ಡಿಸ್ಕ್ ಕೆಟ್ರೆ ನೀವು ಹೇಳಿದ್ದು ಸರಿ, ಬಾಕ್ಸಿನ ಬೋರ್ಡೇ ಸುಟ್ರೆ ಎಂತ ಮಾಡೋದು? ಮಳೆಗಾಲದ ಮೊದಲಿನ ಸಿಡಿಲಿಗೆ ನಮ್ಮ ಕಡೆ ಅಡಾಪ್ಟರು ಬೋರ್ಡು ಹೋಗೋದು ಹೊಸದಲ್ಲ. ಕೆಲವು ಬಾಕ್ಸಿನ ಡಿಸ್ಕ್ ತೆಗೆದು ನೇರ ಹಾಕಿದ್ರೆ ಓದುತ್ತೆ, ಕೆಲವಕ್ಕೆ ಅದೇ ಚಿಪ್ಪಿನ ಬಾಕ್ಸೇ ಬೇಕು, ಅದು ಆಗ ಮಾರ್ಕೆಟ್ಟಲ್ಲಿ ಸಿಗ್ಬೇಕಲ್ಲ. ನಾನಾದ್ರೆ ರೇಡ್ ಆಫ್ ಮಾಡಿ ವಿಂಡೋಸಲ್ಲೇ ಇರೋ, ಡಿಸ್ಕ್ ಒಟ್ಟುಗೂಡಿಸೋ ಸ್ಟೋರೇಜ್ ಸ್ಪೇಸಸ್‌ನಲ್ಲಿ ಟೂ-ವೇ ಮಿರರ್ (ಎರಡು ಕಾಪಿ) ಮಾಡ್ತೇನೆ, ಬಾಕ್ಸ್ ಹೋದ್ರೂ ಬೇರೆ ವಿಂಡೋಸ್ ಮೆಷಿನ್ ಗುರುತಿಸುತ್ತೆ. ಡಿಸ್ಕ್ ಮ್ಯಾನೇಜ್‌ಮೆಂಟಿನ ಹಳೇ ಮಿರರ್ ಯುಎಸ್‌ಬಿ ಡಿಸ್ಕಿಗೆ ಆಗಲ್ಲ, ಅಲ್ಲಿ ಹುಡುಕ್ಬೇಡಿ.

ಕುಮಟಾದವ: ಹೆಗಡೇರೆ, ಒಂದು ಬಿಟ್ರಿ. ಕೆಲವು ಅಗ್ಗದ ಬಾಕ್ಸ್ ಎಲ್ಲಾ ಡಿಸ್ಕಿಗೂ ಒಂದೇ ಸೀರಿಯಲ್ ನಂಬರ್ ತೋರಿಸ್ತವೆ, ಆಗ ವಿಂಡೋಸಿಗೆ ಎರಡು ಡಿಸ್ಕ್ ಬೇರೆ ಬೇರೆ ಅಂತ್ಲೇ ಗೊತ್ತಾಗಲ್ಲ. ವಿಂಡೋಸಲ್ಲಿ ಕಮಾಂಡ್ ಟೈಪ್ ಮಾಡೋ ಪವರ್‌ಶೆಲ್ಲಲ್ಲಿ ಗೆಟ್-ಫಿಸಿಕಲ್‌ಡಿಸ್ಕ್ (Get-PhysicalDisk) ಕಮಾಂಡಲ್ಲಿ ಸೀರಿಯಲ್ ತೆಗೆದು ಡಿಸ್ಕಿನ ಮೇಲಿನ ಚೀಟಿಗೆ ತಾಳೆ ನೋಡಿ, ಒಂದೇ ಬಂದ್ರೆ ಸ್ಟೋರೇಜ್ ಸ್ಪೇಸಸ್ ಆಸೆ ಬಿಡಿ.

ಅಂಕೋಲಾ ಗಾಂವ್ಕರ್: ಯಾವುದ್ರಲ್ಲಿ ಮಾಡಿದ್ರೂ ಕರೆಂಟಿನ ಕತೆ ಮೊದ್ಲು ನೋಡಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಬಾಕ್ಸಿಗಿಲ್ಲ. ಬರೆಯೋ ಹೊತ್ತಿಗೆ ಕರೆಂಟ್ ಹೋದ್ರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಇರಲ್ಲ, ಮತ್ತೆ ಸಿಂಕ್ ಆಗ್ಬೇಕು, 4 ಟಿಬಿ ಪೂರ್ತಿ ಆಗೋಕೆ 7-8 ಗಂಟೆ ಬೇಕು, ಅಷ್ಟರಲ್ಲಿ ಮತ್ತೆ ಹೋಗ್ತದೆ. ಬಾಕ್ಸಿಗೊಂದು ಯುಪಿಎಸ್ ಹಾಕಿ, ಮನೆ ಇನ್ವರ್ಟರ್ ಆದ್ರೆ ಯುಪಿಎಸ್ ಮೋಡಲ್ಲಿಡಿ. ಡಿಸ್ಕೂ ಸಿಎಂಆರ್ (ಬರೆಯೋ ಗೆರೆಗಳು ಬೇರೆ ಬೇರೆ ಇರೋ ಮಾದರಿ) ಇರ್ಲಿ, ಎಸ್‌ಎಂಆರ್ (ಗೆರೆ ಒಂದರ ಮೇಲೊಂದು ಸ್ವಲ್ಪ ಹತ್ತೋ, ಮತ್ತೆ ಬರೆಯೋಕೆ ನಿಧಾನದ ಮಾದರಿ) ಆದ್ರೆ ರೀಬಿಲ್ಡ್ (ಹೊಸ ಡಿಸ್ಕಿಗೆ ಪೂರ್ತಿ ಕಾಪಿ ಆಗೋದು) ಮುಗಿಯೋದೇ ಇಲ್ಲ ಅನ್ಸುತ್ತೆ. 2020ರಲ್ಲಿ ಡಬ್ಲ್ಯೂಡಿ ಕಂಪನಿಯ ರೆಡ್ ಡಿಸ್ಕ್ ವಿಷಯದಲ್ಲಿ ಗಲಾಟೆ ಆದದ್ದು ಈ ಎಸ್‌ಎಂಆರ್‌ಗೇ.

ಭಟ್ಕಳದಾಕೆ: ಅಣ್ಣ, ಮಿರರ್ ಇದೆ ಅಂತ ಬ್ಯಾಕಪ್ ಬಿಡ್ಬೇಡಿ. ಕೈತಪ್ಪಿ ಒಂದು ಫೋಲ್ಡರ್ ಡಿಲೀಟ್ ಆದ್ರೆ ಎರಡರಲ್ಲೂ ಆಗ್ತದೆ, ವೈರಸ್ ಬಂದ್ರೂ ಅಷ್ಟೇ. ಮದುವೆ ಎರಡ್ನೇ ಸಲ ಶೂಟ್ ಮಾಡೋಕಾಗಲ್ಲ. ಮೂರನೇ ಡಿಸ್ಕಿಗೆ ಕಾಪಿ ಹಾಕಿ ಘಟ್ಟದ ಮೇಲೆ ನೆಂಟರ ಮನೇಲಿಡಿ.

ಹೊನ್ನಾವರ ಸ್ಟುಡಿಯೋ: ಸೀರಿಯಲ್ ನೋಡಿದೆ, ಎರಡೂ ಬೇರೆ ಬೇರೆ ಇವೆ. ಹೆಗಡೇರು ಹೇಳಿದ ಹಾಗೇ ಮಾಡ್ತೇನೆ, ಯುಪಿಎಸ್ಸೂ ತರ್ತೇನೆ.

ಕಾರವಾರ ನಾಯ್ಕ: ನಾನಂತೂ ಈಗ್ಲೂ ಸ್ವಿಚ್ಚೇ ಸುಲಭ ಅಂತೇನೆ. ಆದ್ರೂ ಒಂದು ಮಾಡಿ: ನಿಜವಾದ ಡೇಟಾ ಹಾಕೋ ಮೊದ್ಲು ನಾಲ್ಕು ಫೈಲ್ ಹಾಕಿ, ಬಾಕ್ಸ್ ಆಫ್ ಮಾಡಿ ಒಂದು ಡಿಸ್ಕ್ ಎಳೆದು ಮತ್ತೆ ಆನ್ ಮಾಡಿ ನೋಡಿ. ಫೈಲ್ ತೆರೀಬೇಕು, ವಾರ್ನಿಂಗೂ ಬರ್ಬೇಕು. ಬರದಿದ್ರೆ ಇಲ್ಲೇ ಬರೀರಿ.