ವೃದ್ಧಾಶ್ರಮಕ್ಕೆ ವಾಹನ: ಹಣ ಯಾರನ್ನು, ಹೇಗೆ ಕೇಳುವುದು?

ಆನೆಗೊಂದಿ ದಾರಿ

ನಮಸ್ಕಾರ. ಗಂಗಾವತಿ ತಾಲ್ಲೂಕಿನಲ್ಲಿ ನೋಂದಾಯಿತ ಟ್ರಸ್ಟ್ ನಡೆಸುವ ವೃದ್ಧಾಶ್ರಮ, 38 ಹಿರಿಯರಿದ್ದಾರೆ. 6 ಜನ ಗಾಲಿಕುರ್ಚಿಯಲ್ಲಿ, 11 ಜನ ವಾಕರ್ ಅಥವಾ ಕೋಲು ಹಿಡಿದು ನಡೆಯುವವರು. ತಿಂಗಳಿಗೆ 8 ಸಲ ಕೊಪ್ಪಳದ ಜಿಲ್ಲಾಸ್ಪತ್ರೆಗೆ (ಹೋಗಿ ಬರಲು ಸುಮಾರು 90 ಕಿ.ಮೀ.), 20 ಸಲ ತಾಲ್ಲೂಕು ಆಸ್ಪತ್ರೆಗೆ (15 ಕಿ.ಮೀ.) ಓಡಾಟ. 108 ತುರ್ತಿಗೆ ಮಾತ್ರ. ಕಣ್ಣಿನ ತಪಾಸಣೆಗೋ ಡಯಾಲಿಸಿಸ್‌ಗೋ ಅದನ್ನು ಕರೆಯುವಂತಿಲ್ಲ. 12 ಸೀಟಿನ ಟ್ರಾವೆಲರ್ ಕೊಳ್ಳುವ ಯೋಚನೆಯಿದೆ. ಟ್ರಸ್ಟಿಗೆ 12ಎ, 80ಜಿ (ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು) ಎರಡೂ ಇವೆ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ), ಸಂಸದರ ನಿಧಿ, ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ), ಇವುಗಳಲ್ಲಿ ಯಾವುದರ ಹಿಂದೆ ಬೀಳಬೇಕು? ಅರ್ಜಿಯಲ್ಲಿ ಏನಿರಬೇಕು?

ಲೆಕ್ಕಪತ್ರ, ರಾಯಚೂರು

ಸಿಎಸ್‌ಆರ್ ಹಿಂದೆ ಬೀಳಿ ಸರ್. ಕೆಕೆಆರ್‌ಡಿಬಿ ಹಣ ಇಲಾಖೆಗಳ ಕಾಮಗಾರಿಗಳ ಮೂಲಕ ಖರ್ಚಾಗುವಂಥದ್ದು, ಸಂಸದರ ನಿಧಿ ಹೆಚ್ಚಾಗಿ ಕಟ್ಟಡದಂಥ ಶಾಶ್ವತ ಆಸ್ತಿಗೆ. ಖಾಸಗಿ ಟ್ರಸ್ಟಿನ ವಾಹನಕ್ಕೆಂದು ಇವೆರಡರ ಬಾಗಿಲಲ್ಲಿ ಕಾದರೆ ವರ್ಷವೇ ಕಳೆದುಹೋಗುತ್ತದೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, 5 ಕೋಟಿ ನಿವ್ವಳ ಲಾಭ, 500 ಕೋಟಿ ನಿವ್ವಳ ಮೌಲ್ಯ ಅಥವಾ 1000 ಕೋಟಿ ವಹಿವಾಟು, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. 7ನೇ ಅನುಸೂಚಿಯ ಮೂರನೇ ಬಾಬ್ತಿನಲ್ಲಿ ವೃದ್ಧಾಶ್ರಮ ಮತ್ತು ಹಿರಿಯ ನಾಗರಿಕರ ಸೌಲಭ್ಯಗಳು ಹೆಸರಿಟ್ಟೇ ಬಂದಿವೆ. ಅರ್ಜಿಯ ಮೊದಲ ಪುಟದಲ್ಲೇ ಆ ಬಾಬ್ತನ್ನು ನಮೂದಿಸಿ. ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆಯಲ್ಲಿದೆ. ಆದ್ದರಿಂದ ಮೊದಲು ಗಿಣಿಗೇರಾ, ಬೇವಿನಹಳ್ಳಿ ಕಡೆಯ ಉಕ್ಕು–ಕಬ್ಬಿಣದ ಕಾರ್ಖಾನೆಗಳು, ಆಮೇಲೆ ತೋರಣಗಲ್ಲು. ರಾಯಚೂರಿನವರಾದರೆ ಹಟ್ಟಿ, ಶಕ್ತಿನಗರ.

12ಎ, 80ಜಿ ಇದ್ದರೆ ಸಾಲದು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ನಮೂನೆ ಸಲ್ಲಿಸಿ ಕಂಪನಿ ವ್ಯವಹಾರಗಳ ಸಚಿವಾಲಯದಿಂದ ಸಿಎಸ್‌ಆರ್ ನೋಂದಣಿ ಸಂಖ್ಯೆ ಪಡೆದಿರಬೇಕು. ಇದೇ ರೀತಿಯ ಕೆಲಸದಲ್ಲಿ ಮೂರು ವರ್ಷದ ಅನುಭವವನ್ನೂ ತೋರಿಸಬೇಕು. ವಾಹನವೆಂದರೆ ಸ್ಥಿರ ಬಂಡವಾಳದ ಆಸ್ತಿ; ಅದು ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ಟ್ರಸ್ಟಿಯೊಬ್ಬರ ಹೆಸರಿಗೂ ಬೇಡ. ಆರ್‌ಸಿ ಟ್ರಸ್ಟಿನ ಹೆಸರಿಗೇ ಆಗಲಿ.

ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಸಿಎಸ್‌ಆರ್ ಸಮಿತಿ ವಾರ್ಷಿಕ ಕ್ರಿಯಾಯೋಜನೆ ಸಿದ್ಧಪಡಿಸುವ ಮುನ್ನ, ಅಂದರೆ ಜನವರಿ–ಫೆಬ್ರವರಿಯಲ್ಲೇ ಅರ್ಜಿ ಅವರ ಮೇಜಿನ ಮೇಲಿರಬೇಕು.

ಕೊಟೇಶನ್‌ನಲ್ಲಿ ಬಹಳ ಜನ ಎಡವುತ್ತಾರೆ. ಶೋರೂಮ್ ಬೆಲೆಯೊಂದನ್ನೇ ಬರೆದರೆ ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರಿ ದೊಡ್ಡ ಮೊತ್ತ ಟ್ರಸ್ಟಿನ ಮೈಮೇಲೆ ಬರುತ್ತದೆ. ಮಂಜೂರಾದ ಮೇಲೆ ಹೆಚ್ಚಿಗೆ ಕೇಳಿದರೆ ಕೊಡುವುದು ಕಷ್ಟ. ಎಲ್ಲ ಸೇರಿದ ಆನ್‌ರೋಡ್ ಬೆಲೆಯಲ್ಲಿ ಮೂರು ಕೊಟೇಶನ್ ತರಿಸಿ, ಗಾಲಿಕುರ್ಚಿಯ ಜೋಡಣೆಗೆ ಬೇರೆ ಸಾಲು ಹಾಕಿ.

ಕುಷ್ಟಗಿ ಮಂದಿ

ಸರ, ಗಾಡಿ ಕೇಳೂದಕ್ಕಿಂತ ಮುಂಚೆ ಒಂದು ಲೆಕ್ಕ ನೋಡ್ರಿ. ನೀವು ಹೇಳಿದ ಓಡಾಟ ತಿಂಗಳಿಗೆ 720 ಮತ್ತು 300, ಒಟ್ಟು 1020 ಕಿ.ಮೀ. ಲೀಟರಿಗೆ 11 ಕಿ.ಮೀ. ಹಿಡಿದ್ರ ಸುಮಾರು 93 ಲೀಟರ್ ಡೀಸೆಲ್. ಲೀಟರಿಗೆ 90 ರೂ. ಅಂದ್ರ 8,400. ಡ್ರೈವರ್ ಪಗಾರ 16,000, ವಿಮೆ–ತೆರಿಗೆ ತಿಂಗಳಿಗೆ ಭಾಗ ಮಾಡಿದ್ರ 4,000, ಸರ್ವಿಸ್ ಮತ್ತು ಟೈರಿಗೆ ಇನ್ನ 4,000. ಒಟ್ಟು 32,400 ಆತು, ಗಾಡಿ ಪುಕ್ಕಟೆ ಬಂದ್ರೂ ಸೈತ.

ಬಾಡಿಗಿ ಗಾಡಿಗೆ ಕಿ.ಮೀ.ಗೆ 16 ರೂ., ಒಂದ್ ಸಲಕ್ಕ ಡ್ರೈವರ್ ಭತ್ಯೆ 300 ಅಂತ ಹಿಡೀರಿ. ಕೊಪ್ಪಳಕ್ಕ 8 ಸಲ ಅಂದ್ರ 13,920. ತಾಲ್ಲೂಕು ಆಸ್ಪತ್ರೆಗೆ 20 ಸಲ ಆಟೋ, ಸಲಕ್ಕ 300ರಂಗ 6,000. ಒಟ್ಟು 20,000ದ ಒಳಗ. ನಿಮ್ಮೂರ ದರ ಹಾಕಿ ತಾಳೆ ನೋಡ್ರಿ. ಅಂತರ ಇಷ್ಟೇ ಉಳಿದ್ರ ಮೊದಲನೇ ವರ್ಷ ವಾಹನ ಕೇಳಬ್ಯಾಡ್ರಿ, ವರ್ಷದ ಓಡಾಟಕ್ಕ 2.4 ಲಕ್ಷ ಕೇಳ್ರಿ. ಕಡಿಮಿ ಮೊತ್ತಕ್ಕ ಒಪ್ಪೂದು ಸುಲಭ, ಮತ್ತ ಆ ವರ್ಷದ ದಾಖಲೆನೇ ಮುಂದಿನ ಅರ್ಜಿಗೆ ಆಧಾರ ಆಕ್ಕೈತಿ.

ನಡೆಯುವ ಅಜ್ಜಿಗಳಿಗೆ ಕೆಕೆಆರ್‌ಟಿಸಿ ಸಾಮಾನ್ಯ ಬಸ್ಸಿನ್ಯಾಗ 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಿ, ಟಿಕೆಟ್ ಖರ್ಚಿಲ್ಲ. ಅವರ ಜೋಡಿ ಒಬ್ಬ ಸಿಬ್ಬಂದಿ ಹೋದ್ರ ಮುಗೀತು.

ಗ್ಯಾರೇಜ್, ತೋರಣಗಲ್ಲು

ಕುಷ್ಟಗಿಯವರ ಲೆಕ್ಕ ಸರಿ, ಆದರೆ ಆ 6 ಗಾಲಿಕುರ್ಚಿಗಳಿಗೆ ಬಾಡಿಗೆ ಕಾರು ಉತ್ತರವಲ್ಲ. ಸೊಂಟದ ಮೂಳೆ ಮುರಿದವರನ್ನು ಎತ್ತಿ ಕಾರಿನ ಸೀಟಿಗೆ ಹಾಕುವಾಗ ಹಿಡಿಯುವವರ ಬೆನ್ನೂ ಹೋಗುತ್ತದೆ, ಹಿರಿಯರಿಗೂ ಪೆಟ್ಟಾಗುತ್ತದೆ.

ರ್‍ಯಾಂಪ್ ಬಗ್ಗೆ ಒಂದು ಮಾತು. ವಾಹನದ ನೆಲ ರಸ್ತೆಯಿಂದ 65 ಸೆಂ.ಮೀ. ಮೇಲಿದ್ದರೆ, 6ಕ್ಕೆ 1ರ (6 ಅಡಿ ಉದ್ದಕ್ಕೆ 1 ಅಡಿ ಎತ್ತರ) ಇಳಿಜಾರಿಗೂ ಸುಮಾರು 4 ಮೀಟರ್ ಉದ್ದದ ಹಲಗೆ ಬೇಕು. ಮಾರುವವರು ಕೊಡುವ 2 ಮೀಟರಿನ ಮಡಚುವ ರ್‍ಯಾಂಪಿನ ಮೇಲೆ ಕುರ್ಚಿ ಮುಕ್ಕಾಲು ದಾರಿಗೆ ಬಂದಾಗ ಮುಂದಿನ ಚಿಕ್ಕ ಗಾಲಿಗಳು ಮೇಲೇಳುತ್ತವೆ, ಕೂತವರು ಹಿಂದಕ್ಕೆ ವಾಲುತ್ತಾರೆ. ಅಷ್ಟೆತ್ತರಕ್ಕೆ ಹೈಡ್ರಾಲಿಕ್ ಲಿಫ್ಟ್ ಹಾಕಿಸಿ, ಇಲ್ಲವಾದರೆ ನೆಲ ತಗ್ಗಿರುವ ಸಣ್ಣ ವ್ಯಾನ್ ತೆಗೆದುಕೊಳ್ಳಿ. ಕುರ್ಚಿಯನ್ನು ನಾಲ್ಕು ಮೂಲೆಗೂ ಪಟ್ಟಿಯಿಂದ ಬಿಗಿಯಬೇಕು. ಕೊಂಡಿಗಳ ಬೋಲ್ಟ್ ತಗಡಿಗಲ್ಲ, ಚಾಸಿಗೆ (ವಾಹನದ ಕೆಳಗಿನ ಗಟ್ಟಿ ಚೌಕಟ್ಟಿಗೆ) ಕೂರಬೇಕು. ಕೂತವರಿಗೆ ಬೇರೆ ಸೀಟ್‌ಬೆಲ್ಟ್. ನಡೆಯುವವರಿಗೆ ಬಾಗಿಲ ಕೆಳಗೆ 20 ಸೆಂ.ಮೀ. ಎತ್ತರದ ಮೆಟ್ಟಿಲು, ಎರಡೂ ಕಡೆ ಹಿಡಿ. ಈ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಬಿಳಿ ಬೋರ್ಡಿನ (ಬಾಡಿಗೆಗಲ್ಲದ, ಸ್ವಂತ ಬಳಕೆಯ) ಗಾಡಿಯಲ್ಲಿ ಹಿರಿಯರ ಮನೆಯವರಿಂದ ಪ್ರತಿ ಸಲಕ್ಕೆ ಹಣ ತೆಗೆದುಕೊಳ್ಳಬೇಡಿ; ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದು ಇದನ್ನೇ.

ಆನೆಗೊಂದಿ ದಾರಿ

ಎಲ್ಲರಿಗೂ ಧನ್ಯವಾದ. ಹಾಗಾದರೆ ನಡೆಯುವವರಿಗೆ ಓಡಾಟದ ಹಣ, ಗಾಲಿಕುರ್ಚಿಯವರಿಗೆ ಸಣ್ಣ ವ್ಯಾನ್ ಎಂದು ಎರಡು ಭಾಗ ಮಾಡುತ್ತೇವೆ. ಡ್ರೈವರ್ ಸಂಬಳವನ್ನೂ ಅರ್ಜಿಯಲ್ಲಿ ಸೇರಿಸಬಹುದೇ? ಅಮೆರಿಕದಲ್ಲಿರುವ ಊರಿನವರೂ ಕೊಡುತ್ತೇವೆ ಎನ್ನುತ್ತಿದ್ದಾರೆ.

ಲೆಕ್ಕಪತ್ರ, ರಾಯಚೂರು

ಸೇರಿಸಿ, ಆದರೆ ಮೂರು ವರ್ಷಕ್ಕೆ ಎಂದು ಅವಧಿ ಹಾಕಿ, ನಾಲ್ಕನೇ ವರ್ಷ ಯಾರು ಕೊಡುತ್ತಾರೆ ಎಂಬುದನ್ನೂ ಬರೆಯಿರಿ. ಆ ಸಾಲು ಇಲ್ಲದ ಅರ್ಜಿಗೆ ಮೊದಲು ಬರುವ ಪ್ರಶ್ನೆಯೇ ಅದು. ಅಮೆರಿಕದವರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಗಳಿಕೆಯಿಂದ ಕೊಟ್ಟರೆ ವಿದೇಶಿ ದೇಣಿಗೆ ಆಗುವುದಿಲ್ಲ; ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಒಸಿಐ ಕಾರ್ಡಿನವರು (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರು) ಕೊಟ್ಟರೆ ಅದು ವಿದೇಶಿ ದೇಣಿಗೆಯೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದೆ ಮುಟ್ಟಬೇಡಿ.

ಇಂದಿನಿಂದಲೇ ಒಂದು ಪುಸ್ತಕ ಶುರು ಮಾಡಿ: ದಿನಾಂಕ, ಹೋದವರ ಹೆಸರು, ಆಸ್ಪತ್ರೆ, ಹೊರಟ ಮತ್ತು ಬಂದ ಕಿ.ಮೀ., ಬಾಡಿಗೆ ರಸೀದಿ ಸಂಖ್ಯೆ. ಗಾಡಿ ಸಿಗದೆ ತಪ್ಪಿದ ಭೇಟಿಗಳಿಗೆ ಕೊನೆಯಲ್ಲಿ ಒಂದು ಅಂಕಣ ಬಿಡಿ. ಕಂಪನಿಗೆ ಕಳಿಸುವಾಗ ಹೆಸರಿನ ಬದಲು ಸಂಖ್ಯೆ ಹಾಕಿದ ಪ್ರತಿ ಸಾಕು.